ಪುಟ್ಟ, ಅಜ್ಜನ ಅಡಕತ್ತರಿ ಮತ್ತು 47 ಸೆಕೆಂಡಿನ ವಿಡಿಯೋ

1/10

ಮೊದಲ ಫೋಟೋ ನಮ್ಮನೆ ಮೆತ್ತಿನದು. ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಕಾಣ್ತಿದೆ ನೋಡಿ. ಕಥೆ ಶುರುವಾಗೋದು ಅಲ್ಲಿಂದ.

ನನ್ನ ಕ್ಲಾಸಿನ ಅರ್ಧ ಜನಕ್ಕೆ ಇದು ಗೊತ್ತು. ಸೆಕೆಂಡ್ ಪಿಯುಸಿಯಿಂದ ಇಲ್ಲಿವರೆಗೆ ಕ್ಯಾಂಟೀನಲ್ಲಿ, ಬಸ್ಸಲ್ಲಿ, ಕರೆಂಟ್ ಹೋದ ರಾತ್ರಿ ಹಾಸ್ಟೆಲ್ಲಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೀನಿ. ಗೊತ್ತಿಲ್ಲದವರಿಗಾಗಿ ಮತ್ತೊಮ್ಮೆ.

ಭೈರುಂಬೆ ಹತ್ರ ನಮ್ಮನೆ. ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ, ಜೋರು ಮಳೆಗಾಲದಲ್ಲಿ, ಅಜ್ಜ ತೀರಿಕೊಂಡರು. ಹನ್ನೊಂದು ತಿಂಗಳಿಗೆ ಚಿಕ್ಕಪ್ಪನಿಗೆ ಮಗ ಹುಟ್ಟಿದ. ಅವನ ಹೆಸರು ಇಲ್ಲಿ ಹಾಕಲ್ಲ, ಪುಟ್ಟ ಅಂತೀನಿ. ಅಜ್ಜಿ ಮಗುವನ್ನ ಮಡಿಲಲ್ಲಿ ಹಾಕ್ಕೊಂಡು ಒಂದೇ ಮಾತು ಹೇಳಿದ್ರು: "ತಿರುಗಿ ಬೈಂದ."

ಪುಟ್ಟನಿಗೆ ಎರಡೂವರೆ ವರ್ಷ ಆದಾಗ, ಅಡಿಕೆ ಸುಲಿಯೋ ಸಮಯದಲ್ಲಿ, ಆ ಘಟನೆ ನಡೀತು. ಅಜ್ಜನ ಹಿತ್ತಾಳೆ ಅಡಕತ್ತರಿ ಅವರು ಹೋದಾಗಿಂದ ಕಾಣ್ತಿರಲಿಲ್ಲ. ಮೂರು ವರ್ಷ ಹುಡುಕಿ ಎಲ್ಲರೂ ಕೈಬಿಟ್ಟಿದ್ವಿ. ಜಗಲಿಯಲ್ಲಿ ಆಡ್ತಿದ್ದ ಪುಟ್ಟ ಇದ್ದಕ್ಕಿದ್ದ ಹಾಗೆ ಎದ್ದು, ಮೆತ್ತಿನ ಕಡೆ ಕೈ ತೋರ್ಸಿ, "ನನ್ನ ಅಡಕತ್ತರಿ ಪೆಟ್ಟಿಗೇಲಿದ್ದು" ಅಂದ. ಹೋಗಿ ನೋಡಿದ್ರೆ ಹಳೇ ಪಂಚಾಂಗಗಳ ಅಡಿಯಲ್ಲಿ ಅಡಕತ್ತರಿ ಇತ್ತು.

ಕಥೆ ಇಷ್ಟೇ. ಕೇಳಿದವರಲ್ಲಿ ಮೈ ಜುಮ್ ಅನ್ನಿಸಿಕೊಳ್ಳದವರು ಕಡಿಮೆ. ಪುನರ್ಜನ್ಮ ಸುಳ್ಳು ಅಂತ ಯಾರಾದ್ರೂ ವಾದ ಮಾಡಿದ್ರೆ ನಾನು ಇದನ್ನ ಎಸೀತಿದ್ದೆ. "ಬೇರೆಯವರದ್ದು ಬಿಡು, ನಮ್ಮನೇಲೇ ಆಗಿದೆ, ನಾನೇ ನೋಡಿದ್ದೀನಿ." ಎದುರಿನವರು ಸುಮ್ಮನಾಗ್ತಿದ್ರು.

ಈ ಸರಣಿ ಬರೀತಿರೋದು ಆ ಮಾತನ್ನ ವಾಪಸ್ ತಗೊಳ್ಳೋಕೆ.

2/10

ಹೋದ ತಿಂಗಳು ಫೋನ್ ಸ್ಟೋರೇಜ್ ಫುಲ್ ಆಯ್ತು. ಹಳೇ ವಿಡಿಯೋ ಒಂದೊಂದೇ ಅಳಿಸ್ತಾ ಕೂತಿದ್ದೆ. ಅಡಿಕೆ ಸುಲಿಯೋ ವಿಡಿಯೋ ಒಂದು ಬಂತು. 47 ಸೆಕೆಂಡು. ಸ್ಟೋರಿಗೆ ಹಾಕೋಕೆ ಅಂತ ತೆಗೆದು, ನೆಟ್‌ವರ್ಕ್ ಇಲ್ಲದೆ ಹಾಗೇ ಮರೆತು ಬಿಟ್ಟಿದ್ದೆ. ಡೇಟ್ ನೋಡಿದೆ. ಅದೇ ದಿನ.

ವಿಡಿಯೋದಲ್ಲಿ ಏನಿದೆ ಅಂತ ಇದ್ದ ಹಾಗೇ ಬರೀತೀನಿ.

ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತಿದ್ದಾರೆ. ಪುಟ್ಟ ನಡುವೆ ಅಡಿಕೆ ಸಿಪ್ಪೆ ರಾಶಿಯಲ್ಲಿ ಆಡ್ತಿದ್ದಾನೆ. ಅತ್ತೆ ಕವಳದ ಬಟ್ಟಲು ಹತ್ರ ಎಳ್ಕೊಂಡು, ಅಪ್ಪಯ್ಯನ ಅಡಕತ್ತರಿ ಎಲ್ಲಿ ಹೋಯ್ತೋ ಏನೋ ಅಂತಾರೆ. ಆಗ ಕ್ಯಾಮೆರಾ ಪಕ್ಕದಿಂದಲೇ ಒಂದು ದನಿ ಕೇಳುತ್ತೆ: "ಮೆತ್ತಿನ ಪೆಟ್ಟಿಗೆ ನೋಡಿದ್ರಾ?" ಯಾರೂ ಉತ್ತರ ಕೊಡಲ್ಲ. ಅತ್ತೆ ಪುಟ್ಟನ ಕಡೆ ತಿರುಗಿ ನಗ್ತಾ, "ತಮಾ, ನಿನ್ನ ಅಡಕತ್ತರಿ ಎಲ್ಲಿಟ್ಟಿದ್ದೆ? ಪೆಟ್ಟಿಗೇಲಾ?" ಅಂತಾರೆ. ಪುಟ್ಟ "ಪೆತ್ಗೆ" ಅಂತಾನೆ. ಎಲ್ಲರೂ ನಗ್ತಾರೆ. "ಎಲ್ಲಿದ್ದು, ತೋರ್ಸು" ಅಂತಾರೆ ಇನ್ಯಾರೋ. ಅವನು ಸಿಪ್ಪೆ ಹಿಡಿದ ಕೈ ಮೇಲೆತ್ತುತ್ತಾನೆ. ವಿಡಿಯೋ ಮುಗೀತು.

"ನನ್ನ ಅಡಕತ್ತರಿ" ಅಂತ ಅವನು ಹೇಳೇ ಇಲ್ಲ. ಇದ್ದಕ್ಕಿದ್ದ ಹಾಗೆ ಎದ್ದಿಲ್ಲ, ಕೂತೇ ಇದ್ದ. ಪೆಟ್ಟಿಗೆ ಅನ್ನೋ ಮಾತನ್ನ ಅವನಿಗಿಂತ ಮೊದಲು ಇಬ್ಬರು ಆಡಿ ಆಗಿತ್ತು. ಆ ಇಬ್ಬರಲ್ಲಿ ಮೊದಲನೆಯದು, ಕ್ಯಾಮೆರಾ ಪಕ್ಕದ ಆ ದನಿ, ನನ್ನದು.

ನಂಗೆ ಇದರ ನೆನಪೇ ಇಲ್ಲ. ಈಗಲೂ ಇಲ್ಲ. ವಿಡಿಯೋ ನೋಡಿದ ಮೇಲೂ ನನ್ನ ತಲೆಯಲ್ಲಿ ಓಡೋದು ಹಳೇ ಸಿನಿಮಾನೇ: ಪುಟ್ಟ ಎದ್ದ, ಕೈ ತೋರ್ಸಿದ, ಹೇಳಿದ.

3/10

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಇದನ್ನ ದಯವಿಟ್ಟು ಗಮನಿಸಿ.

ಪುನರ್ಜನ್ಮದ ವಾದ ಶುರುವಾದ್ರೆ ನಮ್ಮಲ್ಲಿ ಎರಡೇ ಬಣ. ಒಂದು ಬಣ "ಇಷ್ಟು ಜನ ಸುಳ್ಳು ಹೇಳ್ತಾರಾ?" ಅನ್ನುತ್ತೆ. ಇನ್ನೊಂದು "ಎಲ್ಲಾ ಫೇಕ್, ದುಡ್ಡಿಗೋಸ್ಕರ" ಅನ್ನುತ್ತೆ. ನಮ್ಮನೆ ಜಗಲಿಯಲ್ಲಿ ದುಡ್ಡೂ ಇರಲಿಲ್ಲ, ಸುಳ್ಳೂ ಇರಲಿಲ್ಲ. ಅಡಕತ್ತರಿ ಸಿಕ್ಕಿದ್ದು ನಿಜ. ಸಿಕ್ಕಿದ ಖುಷಿಯಲ್ಲಿ ಎಲ್ಲರೂ ಹಿಂದಕ್ಕೆ ಹೋಗಿ ಕಥೆಯನ್ನ ಸರಿ ಮಾಡ್ಕೊಂಡ್ವಿ. ಮಗುವಿನ "ಪೆತ್ಗೆ" ಉಳೀತು, ಅದಕ್ಕಿಂತ ಮೊದಲಿನ ನನ್ನ ಪ್ರಶ್ನೆ ಬಿದ್ದುಹೋಯ್ತು. ಪ್ರತಿ ಸಲ ಹೇಳಿದಾಗಲೂ ಒಂದೊಂದು ಪದ ಸೇರಿತು. "ನನ್ನ" ಅನ್ನೋ ಪದ ಯಾವಾಗ ಸೇರಿತು ಅಂತ ಯಾರಿಗೂ ಗೊತ್ತಿಲ್ಲ. ನಾನೇ ಸೇರಿಸಿರಬಹುದು.

ಇದಕ್ಕೊಂದು ಹೆಸರಿದೆ ಅಂತ ಆಮೇಲೆ ಗೊತ್ತಾಯ್ತು. ಪುನರ್ಜನ್ಮದ ಪ್ರಕರಣಗಳನ್ನ ಜೀವಮಾನ ಪೂರ್ತಿ ಹುಡುಕಿದ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್, ಬೆಂಗಳೂರಿನ ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸರೀಚಾ, ಶ್ರೀಲಂಕಾದ ಗಾಡ್ವಿನ್ ಸಮರರತ್ನೆ, ಈ ಮೂವರೂ ಸೇರಿ 1988ರಲ್ಲಿ ಒಂದು ಲೇಖನ ಬರೆದ್ರು. ಏಷ್ಯಾದ 7 ಪ್ರಕರಣಗಳು, ಎಲ್ಲವೂ ಬಿದ್ದುಹೋದವು. ಕಾರಣ ಕೆಲವದರಲ್ಲಿ ಮೋಸ, ಕೆಲವದರಲ್ಲಿ ಆತ್ಮವಂಚನೆ. ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದ್ದಾರೆ.

ನಂಬಿಕೆಯ ಕಡೆಗೆ ಒಲವಿದ್ದವರೇ ತಮ್ಮ ಕೈಯಲ್ಲಿದ್ದ ಪ್ರಕರಣಗಳನ್ನ ಬೀಳಿಸಿ, ಹೇಗೆ ಬಿತ್ತು ಅಂತ ಅಚ್ಚು ಹಾಕ್ಸಿದ್ರು. ನಾನಾಗಿದ್ರೆ ಹಾಕ್ತಿದ್ನಾ? ಮೊನ್ನೆ ಆ ವಿಡಿಯೋ ಸಿಕ್ಕಾಗ ನಂಗೆ ಬಂದ ಮೊದಲ ಯೋಚನೆ "ಡಿಲೀಟ್ ಮಾಡಿಬಿಡ್ಲಾ" ಅನ್ನೋದು.

4/10

ನಮ್ಮನೆ ಕಥೆ ಚಿಕ್ಕದು. ದೇಶದಲ್ಲೇ ಪ್ರಸಿದ್ಧವಾದ ಒಂದು ಪ್ರಕರಣ ನೋಡೋಣ.

ಶಾಂತಿದೇವಿ, 1926ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಹುಡುಗಿ. ನಾಲ್ಕು ವರ್ಷದ ಸುಮಾರಿಗೆ, ನನ್ನ ಮನೆ ಮಥುರಾದಲ್ಲಿ, ಗಂಡ ಇದ್ದಾನೆ, ನಾನು ಹೆರಿಗೆಯಾದ ಮೇಲೆ ಸತ್ತೆ ಅಂತ ಹೇಳೋಕೆ ಶುರು ಮಾಡಿದಳು. ಮಥುರಾದಲ್ಲಿ ಲುಗ್ಡಿ ಎಂಬ ಹೆಂಗಸು 1925ರಲ್ಲಿ ಹೆರಿಗೆ ಆದ ಕೆಲವೇ ದಿನದಲ್ಲಿ ತೀರಿಹೋಗಿದ್ದು ಹೌದು. ವಿಷಯ ಗಾಂಧೀಜಿವರೆಗೆ ಹೋಯ್ತು. 1935ರ ನವೆಂಬರ್‌ನಲ್ಲಿ ಗಣ್ಯರ ಒಂದು ಸಮಿತಿ ಹುಡುಗಿಯನ್ನ ಮಥುರಾಕ್ಕೆ ಕರ್ಕೊಂಡು ಹೋಯ್ತು. ಅವಳು ದಾರಿ ತೋರಿಸಿದಳು, ಮನೆ ಗುರುತಿಸಿದಳು ಅಂತ 1936ರಲ್ಲಿ ವರದಿ ಬಂತು. ಅದೇ ಕಾಲದಲ್ಲಿ ಬಾಲಚಂದ್ ನಾಹಟಾ ಎಂಬವರು ಇದನ್ನ ಒಪ್ಪದೆ ಹಿಂದಿಯಲ್ಲಿ ಒಂದು ಪುಸ್ತಿಕೆ ಬರೆದರು.

ನಂಬೋರು, ನಂಬದೇ ಇರೋರು ಇವತ್ತಿಗೂ ಇದರ ಮೇಲೆ ಜಗಳ ಆಡ್ತಾರೆ. ನಂಗೆ ಮುಖ್ಯ ಅನ್ನಿಸಿದ್ದು ಒಂದು ಸಣ್ಣ ವಿಷಯ. ಸಮಿತಿ ಮಥುರಾಕ್ಕೆ ಹೋಗೋ ಮೊದಲೇ ಮಥುರಾದ ಆ ಗಂಡ ದಿಲ್ಲಿಗೆ ಬಂದು ಹುಡುಗಿಯನ್ನ ಭೇಟಿ ಮಾಡಿ ಆಗಿತ್ತು. ಎರಡೂ ಮನೆಯವರು ಮಾತಾಡಿ ಆಗಿತ್ತು. ಹುಡುಗಿ ಅದಕ್ಕಿಂತ ಮೊದಲು ಏನೇನು ಹೇಳಿದ್ದಳು, ಅದರಲ್ಲಿ ತಪ್ಪಾಗಿದ್ದು ಯಾವುದು, ಭೇಟಿಯಲ್ಲಿ ಕೇಳಿ ತಿಳಿದದ್ದು ಯಾವುದು? ಗಣ್ಯರು ಎಷ್ಟೇ ಪ್ರಾಮಾಣಿಕರಾಗಿದ್ರೂ ಇದನ್ನ ಆಮೇಲೆ ಬಿಡಿಸಿ ನೋಡೋಕೆ ಆಗಲ್ಲ. ತಂಬುಳಿಗೆ ಮಜ್ಜಿಗೆ ಹಾಕಿ ಕದಡಿದ ಮೇಲೆ ಮಜ್ಜಿಗೆ ಬೇರೆ ತೆಗೆದ ಹಾಗಾಗುತ್ತೆ.

ನಮ್ಮನೆ ವಿಡಿಯೋ ಕದಡೋಕೆ ಮೊದಲಿನದು. ಅದಕ್ಕೇ ಅದಕ್ಕೆ ಬೆಲೆ. ಹಾಗಾಗಿ ನನ್ನ ಅಭಿಪ್ರಾಯ ಒಂದೇ ಸಾಲಲ್ಲಿ ಹೇಳೋದಾದ್ರೆ: ನಂಬೋದಕ್ಕೆ ಯಾರ ಪರ್ಮಿಷನ್ನೂ ಬೇಡ, ಆದ್ರೆ "ಪ್ರೂಫ್ ಇದೆ" ಅಂತ ಹೇಳೋಕೆ ಹೊರಟರೆ ಮೊದಲು ಬರೆದಿಡಬೇಕು, ಆಮೇಲೆ ಹುಡುಕಬೇಕು.

5/10

ಈಗ ನಮ್ಮ ರಾಜ್ಯಕ್ಕೆ ಬರೋಣ. ಇದು ನಂಗೆ ಗೊತ್ತೇ ಇರಲಿಲ್ಲ, ನಿಮಗೂ ಗೊತ್ತಿರಲಿಕ್ಕಿಲ್ಲ.

ಸ್ಟೀವನ್‌ಸನ್ 1961ರಲ್ಲಿ ಮೊದಲ ಸಲ ಭಾರತಕ್ಕೆ ಬಂದ್ರು. 1966ರಲ್ಲಿ ಅವರ ಹೆಸರಾದ ಪುಸ್ತಕ ಬಂತು. 20 ಪ್ರಕರಣ, ಅದರಲ್ಲಿ 7 ಭಾರತದ್ದು. ಪುಸ್ತಕದ ಹೆಸರಲ್ಲೇ ಅವರು "ಸಾಬೀತು" ಅಂದಿಲ್ಲ, ಪುನರ್ಜನ್ಮವನ್ನ "ಸೂಚಿಸುವ" ಪ್ರಕರಣಗಳು ಅಂದಿದ್ದಾರೆ. ವಾಟ್ಸಾಪಲ್ಲಿ ಬರೋ "ವಿಜ್ಞಾನಿಗಳೇ ಒಪ್ಪಿದ್ದಾರೆ" ಮೆಸೇಜುಗಳು ಈ ಒಂದು ಪದವನ್ನ ನುಂಗಿಬಿಡ್ತವೆ.

ಭಾರತದಲ್ಲಿ ಈ ಕೆಲಸವನ್ನ ವರ್ಷಗಟ್ಟಲೆ ಮುಂದುವರಿಸಿದವರು ಪಸರೀಚಾ, ಅದೂ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಿಂದ. 1990ರಲ್ಲಿ ಅವರ ಪುಸ್ತಕವೂ ಬಂತು. ಉತ್ತರ ಪ್ರದೇಶದ ಆಗ್ರಾ ಜಿಲ್ಲೆಯ ಫತೇಹಾಬಾದ್ ಕಡೆ ಮನೆಮನೆ ಸುತ್ತಿ ಮಾಡಿದ ಸಮೀಕ್ಷೆಯಲ್ಲಿ ಸಾವಿರ ಜನಕ್ಕೆ ಸುಮಾರು ಎರಡು ಪ್ರಕರಣ ಸಿಕ್ಕಿತ್ತು. ಆದ್ರೆ ಅವರು ಕೆಲಸ ಮಾಡ್ತಿದ್ದ ದಕ್ಷಿಣದಲ್ಲಿ? ತೀರಾ ಕಡಿಮೆ. ಎಷ್ಟು ಕಡಿಮೆ ಅಂದ್ರೆ 2001ರಲ್ಲಿ ಅವರು ಬರೆದ ಲೇಖನದ ಹೆಸರೇ ಒಂದು ಪ್ರಶ್ನೆ: ದಕ್ಷಿಣ ಭಾರತದಲ್ಲಿ ಇಂಥ ವರದಿಗಳು ಇಷ್ಟು ಕಡಿಮೆ ಯಾಕೆ?

ಒಂದ್ನಿಮಿಷ ಯೋಚನೆ ಮಾಡಿ. ಪುನರ್ಜನ್ಮ ನಂಬೋದ್ರಲ್ಲಿ ನಾವೇನು ಹಿಂದೆ ಬಿದ್ದಿದ್ದೀವಾ? ಶ್ರಾದ್ಧ, ಪಿಂಡ, ಕಾಗೆ, ಪ್ರಾರಬ್ಧ, "ಯಾವ ಜನ್ಮದ ಋಣವೋ" ಅನ್ನೋ ಮಾತು, ಎಲ್ಲಾ ಇದೆ. ಆದ್ರೂ "ನಾನು ಇಂಥ ಊರಿನ ಇಂಥವನು, ಅಲ್ಲಿಗೆ ಕರ್ಕೊಂಡು ಹೋಗಿ" ಅಂತ ಹಟ ಮಾಡೋ ಮಗುವಿನ ಸುದ್ದಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನೀವು ಯಾವಾಗ ಕೇಳಿದ್ದೀರಿ?

ಈ ಪ್ರಶ್ನೆ ಎರಡೂ ಬಣಕ್ಕೆ ಕಷ್ಟ. ಆತ್ಮ ಎಲ್ಲಾ ಕಡೆ ಒಂದೇ ಥರ ಮರುಹುಟ್ಟು ಪಡೆಯೋದಾದ್ರೆ ಆಗ್ರಾದಲ್ಲಿ ನೆನಪಿಟ್ಕೊಂಡು ಬಂದು ಅಂಕೋಲದಲ್ಲಿ ಮರೆತು ಬರೋದು ಯಾಕೆ? ಉಲ್ಟಾ, ನಂಬಿಕೆಯೇ ಇಂಥ ಕಥೆ ಹುಟ್ಟಿಸುತ್ತೆ ಅನ್ನೋದಾದ್ರೆ ನಂಬಿಕೆ ತುಂಬಿರೋ ನಮ್ಮಲ್ಲಿ ಕಥೆಗಳ ಸುರಿಮಳೆ ಆಗಬೇಕಿತ್ತಲ್ಲ?

6/10

ನನ್ನ ಊಹೆ ಹೇಳ್ತೀನಿ. ಊಹೆ ಅಷ್ಟೇ.

ಬರೀ ನಂಬಿಕೆ ಇದ್ರೆ ಸಾಲದು, ಕಥೆಗೊಂದು ಅಚ್ಚು ಬೇಕು. ಆ ಅಚ್ಚು ಊರಿಂದ ಊರಿಗೆ ಬೇರೆ. ಅಲಾಸ್ಕಾದ ಟ್ಲಿಂಗಿಟ್ ಜನರಲ್ಲಿ ಸತ್ತವರು ತಮ್ಮ ಕುಲದಲ್ಲೇ, ತಾಯಿಯ ಕಡೆಯಿಂದ, ಮತ್ತೆ ಹುಟ್ತಾರೆ ಅನ್ನೋ ನಂಬಿಕೆ. ಅಲ್ಲಿ ಸಿಕ್ಕ ಪ್ರಕರಣಗಳೂ ಹಾಗೇ. ಲೆಬನಾನಿನ ಡ್ರೂಜ್ ಜನರಲ್ಲಿ ಸತ್ತ ತಕ್ಷಣ ಜೀವ ಹೊಸ ಮಗುವಿಗೆ ಹೋಗುತ್ತೆ ಅನ್ನೋ ನಂಬಿಕೆ, ನಡುವೆ ಗ್ಯಾಪೇ ಇಲ್ಲ. ಉತ್ತರ ಭಾರತದಲ್ಲಿ ಮಗು ಬೇರೆ ಊರಿನ ಅಪರಿಚಿತರ ಮನೆ ಹೇಳುತ್ತೆ, ಎರಡು ಮನೆಯವರು ಹುಡುಕ್ಕೊಂಡು ಹೋಗ್ತಾರೆ, ಊರು ಸೇರುತ್ತೆ, ಪೇಪರಲ್ಲಿ ಬರುತ್ತೆ.

ನಮ್ಮಲ್ಲಿ ಕಥೆ ಮನೆ ಹೊಸಿಲು ದಾಟೋದೇ ಇಲ್ಲ. ಅಜ್ಜ ಮೊಮ್ಮಗನಾಗಿ ಬಂದ, ಅಜ್ಜನ ಹೆಸರೇ ಇಡಿ, ಅಲ್ಲಿಗೆ ಮುಗೀತು. ಯಾರೂ ಪರೀಕ್ಷೆ ಮಾಡೋಕೆ ಬರಲ್ಲ, ಯಾಕಂದ್ರೆ ಪರೀಕ್ಷೆ ಮಾಡೋ ಅಂಥದ್ದೇನೂ ಯಾರೂ ಹೇಳಿರಲ್ಲ. ನಮ್ಮಜ್ಜಿ "ತಿರುಗಿ ಬೈಂದ" ಅಂದಾಗ ಅದು ಪ್ರೂಫ್ ಅಲ್ಲ, ಅವರ ದುಃಖಕ್ಕೆ ಸಿಕ್ಕ ಒಂದು ಸಮಾಧಾನ. ಅದನ್ನ ಅಡಕತ್ತರಿ ಕಥೆ ಮಾಡಿ, ಕ್ಯಾಂಟೀನಲ್ಲಿ ಪ್ರೂಫ್ ಅಂತ ಮಾರಿದ್ದು ನಾನು.

ಇನ್ನೊಂದು ವಿಷಯ. ಎಲ್ಲಾ ಕಡೆ ಮಕ್ಕಳು ಇಂಥ ಮಾತು ಶುರು ಮಾಡೋದು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ, ನಿಲ್ಸೋದು ಐದರಿಂದ ಎಂಟರ ಒಳಗೆ. ನಂಬೋರು, ಆಗ ಹಳೇ ನೆನಪು ಮಾಸುತ್ತೆ ಅಂತಾರೆ. ನಂಬದವರು, ಆ ವಯಸ್ಸಲ್ಲಿ ಮಕ್ಕಳಿಗೆ ಕಲ್ಪನೆ ಮತ್ತು ನಿಜದ ನಡುವಿನ ಗೆರೆ ಗಟ್ಟಿಯಾಗುತ್ತೆ ಅಂತಾರೆ. ಒಂದೇ ಅಂಕಿ, ಎರಡು ಓದು. ಇದು ಎರಡೂ ಕಡೆಗೆ ಪುರಾವೆ ಆಗಲ್ಲ.

7/10

ಈ ಭಾಗ ನನ್ನ ವಾದಕ್ಕೇ ವಿರುದ್ಧ. ಬಿಟ್ಟುಬಿಡಬಹುದಿತ್ತು, ಬಿಟ್ರೆ ಡಿಲೀಟ್ ಒತ್ತಿದ ಹಾಗೇ ಆಗುತ್ತೆ.

"ಮೊದಲು ಬರೆದಿಡಿ" ಅಂದೆ. ಹಾಗೆ ಮೊದಲೇ ಬರೆದಿಟ್ಟ ಪ್ರಕರಣಗಳು ಬಹಳ ಕಮ್ಮಿ, ಆದ್ರೆ ಇವೆ. 1998ರಲ್ಲಿ ಡಚ್ ಸಂಶೋಧಕ ಸೈಬೊ ಸ್ಕೌಟನ್ ಮತ್ತು ಸ್ಟೀವನ್‌ಸನ್ ಭಾರತ, ಶ್ರೀಲಂಕಾದ ಪ್ರಕರಣಗಳನ್ನ ಎರಡು ಗುಂಪು ಮಾಡಿ ಹೋಲಿಸಿದ್ರು. ಮಗುವಿನ ಮಾತುಗಳನ್ನ ಪರಿಶೀಲನೆಗೆ ಮೊದಲೇ ಬರೆದಿಟ್ಟವು 21. ಎರಡೂ ಮನೆಯವರು ಭೇಟಿಯಾದ ಮೇಲೆ ಬರೆದವು 82. ನನ್ನ ಥಿಯರಿ ಪ್ರಕಾರ ಮೊದಲ ಗುಂಪಲ್ಲಿ ಸರಿಯಾದ ಮಾತುಗಳು ಕಡಿಮೆ ಇರಬೇಕು, ಎರಡನೇ ಗುಂಪು ಉಬ್ಬಿರಬೇಕು. ಅವರಿಗೆ ಸಿಕ್ಕಿದ್ದು ಹಾಗಲ್ಲ. ಸರಿಯಾದ ಮಾತುಗಳ ಪ್ರಮಾಣ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ಇದನ್ನ ಓದಿದ ರಾತ್ರಿ ನಂಗೆ ಸಿಟ್ಟು ಬಂತು. ಸಿಟ್ಟು ಯಾಕೆ ಬಂತು ಅಂತ ಯೋಚನೆ ಮಾಡಿದಾಗ ನಾಚಿಕೆ ಆಯ್ತು. ಎರಡೂವರೆ ವರ್ಷ ನಂಬಿಕೆಯ ಕಡೆ ನಿಂತು ಏನು ಮಾಡಿದ್ನೋ, ಒಂದೇ ತಿಂಗಳಲ್ಲಿ ಸಂಶಯದ ಕಡೆ ನಿಂತು ಅದನ್ನೇ ಮಾಡೋಕೆ ಹೊರಟಿದ್ದೆ: ನಂಗೆ ಬೇಕಾದ ಉತ್ತರ ಮೊದಲು, ಅಂಕಿ ಆಮೇಲೆ.

ಹಾಗಂತ ಇದು ಪುನರ್ಜನ್ಮವನ್ನ ಸಾಬೀತು ಮಾಡುತ್ತಾ? ಇಲ್ಲ. 21 ಚಿಕ್ಕ ಸಂಖ್ಯೆ. ಮೊದಲೇ ಬರೆದಿಟ್ಟರೂ, ಮಗು ದೊಡ್ಡವರ ಬಾಯಿಂದ ಅದಕ್ಕೂ ಮೊದಲೇ ಏನು ಕೇಳಿತ್ತು ಅನ್ನೋದು ಗೊತ್ತಾಗಲ್ಲ. ಯಾವ ಮಾತು "ಸರಿ" ಅಂತ ಹೇಳೋದು ಸತ್ತವರ ಮನೆಯವರು. ಅವರ ಮನಸ್ಸೂ ನಮ್ಮಜ್ಜಿಯ ಮನಸ್ಸಿನ ಥರದ್ದೇ. ಆದ್ರೆ "ಎಲ್ಲಾ ಆಮೇಲೆ ಕಟ್ಟಿದ ಕಥೆ" ಅಂತ ಕಣ್ಮುಚ್ಚಿ ಹೇಳೋಕೂ ಆಗಲ್ಲ. ಸದ್ಯಕ್ಕೆ ನಾನು ನಿಂತಿರೋ ಜಾಗ ಇದು: ನಂಗೆ ಒಪ್ಪಿಗೆ ಆಗೋವಷ್ಟು ಪುರಾವೆ ಇಲ್ಲ. ನಾಳೆ ಬಂದ್ರೆ ನೋಡ್ತೀನಿ.

ಸ್ಟೀವನ್‌ಸನ್ ಒಂದು ಕೆಲಸ ಮಾಡಿ ಹೋಗಿದ್ದಾರೆ. ದಶಕಗಳ ಹಿಂದೆ ಒಂದು ನಂಬರ್ ಬೀಗ ತಂದು, ತಮಗೆ ಮಾತ್ರ ಗೊತ್ತಿರೋ ಸಂಖ್ಯೆ ಇಟ್ಟು, ಆಫೀಸಿನ ಕಪಾಟಿನಲ್ಲಿ ಇಟ್ರು. ಸತ್ತ ಮೇಲೂ ತಾನು ಉಳಿದಿದ್ರೆ ಹೇಗಾದ್ರೂ ಆ ಸಂಖ್ಯೆ ತಿಳಿಸ್ತೀನಿ, ತೆರೆದು ನೋಡಿ ಅಂತ. 2007ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಆ ಬೀಗದ ಬಗ್ಗೆ ಬರೆದವು. ಆಗಿನ್ನೂ ಅದು ತೆರೆದಿರಲಿಲ್ಲ. ನಂಬಿದ ಮನುಷ್ಯ ತನ್ನ ಸಾವಿಗೂ ಪರೀಕ್ಷೆ ಇಟ್ಟ. ಇಂಥ ನಂಬಿಕೆ ಜೊತೆ ನಂಗೆ ಜಗಳ ಇಲ್ಲ.

8/10

"ನೀವೆಲ್ಲ ಇಂಗ್ಲಿಷ್ ಓದಿ ಹೀಗೆ ಆಗಿದ್ದೀರಿ, ನಮ್ಮ ಸಂಸ್ಕೃತಿಯಲ್ಲಿ ಪ್ರಶ್ನೆ ಮಾಡಲ್ಲ" ಅಂತ ಯಾರಾದ್ರೂ ಹೇಳ್ತಾರೆ ಅಂತ ಗೊತ್ತು. ಅದಕ್ಕೇ ಈ ಫೋಟೋ. ತಾಳಮದ್ದಳೆ, ನಮ್ಮೂರ ಕಡೆಯದ್ದೇ.

ನಮ್ಮಲ್ಲಿ ರಾತ್ರಿಯಿಡೀ ಕೂತು ವಾದ ಕೇಳ್ತೀವಿ. ಇವತ್ತು ಭೀಷ್ಮನ ಅರ್ಥ ಹೇಳಿದವರು ಇನ್ನೊಂದು ದಿನ ಪರಶುರಾಮನ ಪಕ್ಷ ಹಿಡೀತಾರೆ, ಅಷ್ಟೇ ಗಟ್ಟಿಯಾಗಿ. ಸೋತ ಪಕ್ಷದವರನ್ನ ಯಾರೂ ಧರ್ಮದ್ರೋಹಿ ಅನ್ನಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಚಾ ಕುಡೀತಾರೆ. ಪುನರ್ಜನ್ಮದ್ದೇ ಕಥೆ ತಗೊಳ್ಳಿ: ಅಂಬೆ ಬೆಂಕಿಗೆ ಬಿದ್ದು ಶಿಖಂಡಿಯಾಗಿ ಬಂದಳು. ಶಿಖಂಡಿಯ ವಿಷಯ ತಿಳಿಯೋಕೆ ಭೀಷ್ಮ ದ್ರುಪದನಲ್ಲಿಗೆ ಕುರುಡರ, ಕಿವುಡರ ವೇಷದಲ್ಲಿ ಗೂಢಚಾರರನ್ನ ಕಳಿಸಿದ್ದ ಅಂತ ಮಹಾಭಾರತದ ಉದ್ಯೋಗಪರ್ವದಲ್ಲಿದೆ. ಭೀಷ್ಮನಂಥ ಭೀಷ್ಮನೇ ವಿಚಾರಿಸಿ ನೋಡಿದ್ದ.

ಇನ್ನೂ ಹಳೇದು ಬೇಕಾ? ಗೌತಮನ ನ್ಯಾಯಸೂತ್ರದ ಮೂರನೇ ಅಧ್ಯಾಯ. ಹುಟ್ಟಿದ ಮಗು ಯಾರೂ ಕಲಿಸದೇ ಎದೆಹಾಲಿಗೆ ಹೋಗುತ್ತಲ್ಲ, ಅದು ಹಿಂದಿನ ಜನ್ಮದ ಅಭ್ಯಾಸ, ಹಾಗಾಗಿ ಪುನರ್ಜನ್ಮ ಇದೆ ಅನ್ನೋದು ಅಲ್ಲಿನ ವಾದ. ಅದರ ಬೆನ್ನಿಗೇ ಎದುರಾಳಿಯ ಆಕ್ಷೇಪವನ್ನೂ ಬರೆದಿದ್ದಾರೆ: ಕಬ್ಬಿಣ ಅಯಸ್ಕಾಂತದ ಕಡೆ ಹೋಗುತ್ತೆ, ಅದಕ್ಕೂ ಹಿಂದಿನ ಜನ್ಮ ಇತ್ತಾ? ಆಮೇಲೆ ಅದಕ್ಕೆ ಉತ್ತರ. ಪೂರ್ವಪಕ್ಷ ಅಂದ್ರೆ ಇದೇ, ಎದುರಾಳಿಯ ಮಾತನ್ನ ಮೊದಲು ಸರಿಯಾಗಿ ಹೇಳಿ ಆಮೇಲೆ ಉತ್ತರ ಕೊಡೋದು. ಸ್ವರ್ಣವಲ್ಲಿ ಮಠ ನಮ್ಮೂರಿಂದ ದೂರ ಇಲ್ಲ. ಶಾಸ್ತ್ರ ಓದಿದ ಯಾರನ್ನಾದ್ರೂ ಕೇಳಿ ನೋಡಿ, ಪೂರ್ವಪಕ್ಷ ಇಲ್ಲದೆ ಸಿದ್ಧಾಂತ ಇದೆಯಾ ಅಂತ. ಪ್ರಶ್ನೆ ನಮ್ಮ ಜಗಲಿಗೆ ಹೊರಗಿಂದ ಬಂದಿಲ್ಲ.

9/10

ಹಾಗಾದ್ರೆ ಎಲ್ಲವನ್ನೂ, ಯಾವಾಗಲೂ ಪ್ರಶ್ನಿಸ್ತಾನೇ ಇರಬೇಕಾ? ಶ್ರಾದ್ಧದ ದಿನ ಅಪ್ಪ ಪಿಂಡ ಇಟ್ಟು ಕಾಗೆ ಕಾಯ್ತಿರುವಾಗ ಪಕ್ಕದಲ್ಲಿ ನಿಂತು "ಸೈಂಟಿಫಿಕ್ ಆಗಿ ನೋಡಿದ್ರೆ" ಅನ್ನಬೇಕಾ? ನಾನಂತೂ ಅನ್ನಲ್ಲ.

ಇಲ್ಲಿ ನಂಗೆ ದಾರಿ ತೋರಿಸಿದ್ದು ಎಚ್. ನರಸಿಂಹಯ್ಯ ಅವರ ಒಂದು ಪದ. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರಿಶೀಲಿಸೋಕೆ ಒಂದು ಸಮಿತಿ ಮಾಡಿದ್ರು. ದೊಡ್ಡ ಗಲಾಟೆ ಆಯ್ತು. ಸಮಿತಿಯ ಹೆಸರಿನ ಅರ್ಥ "ಪವಾಡಗಳು ಮತ್ತು ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳ" ತನಿಖೆ. ಪರೀಕ್ಷಿಸಬಹುದಾದ! ದೇವರನ್ನ ಕಟಕಟೆಗೆ ಕರೆದಿರಲಿಲ್ಲ ಅವರು. ಗಾಳಿಯಿಂದ ವಸ್ತು ಬರುತ್ತೆ ಅಂತ ಯಾರು ಹೇಳ್ತಾರೋ ಅವರು ಬಂದು ತೋರಿಸಲಿ ಅಂದಿದ್ರು ಅಷ್ಟೇ. ಅದೇ 1976ರ 42ನೇ ತಿದ್ದುಪಡಿಯಲ್ಲಿ ನಮ್ಮ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದವು. ಅದರಲ್ಲಿ 51ಎ(ಎಚ್): ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಮತ್ತು ಸುಧಾರಣೆಯ ಮನೋಭಾವ. ವೈಜ್ಞಾನಿಕ ಮನೋಭಾವದ ಪಕ್ಕದಲ್ಲೇ ಮಾನವೀಯತೆ ಇದೆ, ನೋಡಿ.

ಹಾಗಾಗಿ ಅಜ್ಜಿಯ ನಂಬಿಕೆಯನ್ನ ನಾನು ಮುಟ್ಟಲ್ಲ. ಅದು ಯಾರ ಮೇಲೂ ಏನೂ ಹೇರ್ತಿಲ್ಲ.

ಆದ್ರೆ ಅದೇ ನಂಬಿಕೆ ಇನ್ನೊಬ್ಬರ ತಲೆ ಮೇಲೆ ತೀರ್ಪು ಬರೆಯೋಕೆ ಹೊರಟ್ರೆ ನಾನು ಎದ್ದು ನಿಂತು ಪುರಾವೆ ಕೇಳ್ತೀನಿ. ಮಗು ಕಾಲು ಸರಿ ಇಲ್ಲದೆ ಹುಟ್ಟಿದಾಗ ಅದರ ತಾಯಿಗೆ "ಹಿಂದಿನ ಜನ್ಮದ್ದು, ಅನುಭವಿಸಬೇಕು" ಅಂದವರನ್ನ ನೋಡಿದ್ದೀನಿ. ಸಮಾಧಾನ ಹೇಳ್ತಿದ್ದೀವಿ ಅಂತಲೇ ಅಂದುಕೊಂಡಿದ್ರು ಅವರು. ಇನ್ನೊಂದು ನನ್ನದೇ ಮನೆ ವಿಷಯ. ತೋಟ ಇರೋ ಮನೇಲಿ ಹುಟ್ಟಿದ್ದು ನನ್ನ ಪೂರ್ವಜನ್ಮದ ಪುಣ್ಯ ಅಂತ ಚಿಕ್ಕಂದಿನಿಂದ ಕೇಳಿದ್ದೀನಿ. ನಮ್ಮ ತೋಟದ ಕೊನೆ ಕೊಯ್ಯೋಕೆ ಮರ ಹತ್ತೋರ ಮಗಳು ಹತ್ತನೇ ಕ್ಲಾಸವರೆಗೆ ನನ್ನ ಪಕ್ಕದ ಬೆಂಚಲ್ಲಿ ಕೂತಿದ್ದಳು, ಲೆಕ್ಕದಲ್ಲಿ ನನಗಿಂತ ಮುಂದೆ. ನಂದು ಪುಣ್ಯ ಆದ್ರೆ ಅವಳದ್ದೇನು? ಆ ಮಾತನ್ನ ಅವಳ ಮುಖ ನೋಡಿ ಹೇಳೋಕೆ ನಂಗೆ ಬಾಯಿ ಬರಲ್ಲ. ಮುಖ ನೋಡಿ ಹೇಳೋಕೆ ಆಗದ ಮಾತನ್ನ ಬೆನ್ನ ಹಿಂದೆ ನಂಬೋದೂ ಬೇಡ ಅಂತ ಬಿಟ್ಟಿದ್ದೀನಿ.

10/10

ಕೊನೇ ಫೋಟೋದಲ್ಲಿ ಪುಟ್ಟನ ಬೆನ್ನು ಮಾತ್ರ ಇದೆ. ಮುಖ ಹಾಕಲ್ಲ.

ಇಷ್ಟೆಲ್ಲ ವಾದದಲ್ಲಿ ನಾವು ಮರೆತಿದ್ದು ಇವನನ್ನ. ಅಡಕತ್ತರಿ ಸಿಕ್ಕ ದಿನದಿಂದ ಮನೆಗೆ ಬಂದ ನೆಂಟರೆಲ್ಲ ಇವನನ್ನ ಕರೆದು "ಅಜ್ಜಯ್ಯಾ, ಹಿಂದಿನದ್ದು ನೆನಪಿದ್ದನಾ?" ಅಂತ ಕೇಳ್ತಿದ್ರು. ಮೊದಮೊದಲು ಖುಷಿಯಲ್ಲಿ ಏನೋ ಹೇಳ್ತಿದ್ದ. ಹೇಳಿದ್ರೆ ಎಲ್ಲರೂ ಚಪ್ಪಾಳೆ ತಟ್ತಾರೆ ಅಂತ ಕಲಿತ. ಈಗ ಐದು ತುಂಬಿದೆ, ಏನೂ ನೆನಪಿಲ್ಲ. ಕೇಳಿದ್ರೆ ಆಯಿಯ ಸೆರಗಿನ ಹಿಂದೆ ಹೋಗ್ತಾನೆ. ಹೋದ ಸಲ ಹಬ್ಬಕ್ಕೆ ಬಂದಿದ್ದ ಒಬ್ಬರು, "ಅಜ್ಜ ಇಷ್ಟು ಹೆದರುಪುಕ್ಕ ಆಗಿರಲಿಲ್ಲ" ಅಂದ್ರು. ಅವನು ಅತ್ತ. ಐದು ವರ್ಷದ ಹುಡುಗ, ಎಪ್ಪತ್ತೆಂಟು ವರ್ಷ ಬಾಳಿದ ಇನ್ನೊಬ್ಬರ ಥರ ಇಲ್ಲ ಅಂತ ಬೈಸಿಕೊಂಡು ಅತ್ತ.

ಆ ಅಳು ನೆನಪಾಗೇ ನಾನು ವಿಡಿಯೋ ಡಿಲೀಟ್ ಮಾಡಲಿಲ್ಲ. ಅಜ್ಜಿಗೆ ತೋರಿಸಿದೆ. ಬೇರೆ ಯಾರಿಗೂ ಮೊದಲು ಅಲ್ಲ, ಎಲ್ಲರ ಮುಂದೆಯೂ ಅಲ್ಲ. ಸಂಜೆ ದೀಪ ಹಚ್ಚಿದ ಮೇಲೆ, ಅವರೊಬ್ಬರೇ ಇದ್ದಾಗ. ಕೈ ನಡುಗ್ತಿತ್ತು. ಅವರಿಗೆ ಸಿಕ್ಕಿದ್ದ ಒಂದೇ ಸಮಾಧಾನ ಕಿತ್ತುಕೊಳ್ತಿದ್ದೀನೇನೋ ಅಂತ.

ಕನ್ನಡಕ ಹಾಕ್ಕೊಂಡು ನೋಡಿದ್ರು. "ಕೂಸೆ, ಮತ್ತೊಂದ್ಸಲ ಹಾಕು" ಅಂದ್ರು. ಹಾಕಿದೆ. ನನ್ನ ದನಿ ಬಂದಾಗ ನನ್ನ ಮುಖ ನೋಡಿದ್ರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹೇಳಿದ್ರು: "ನಾ ನಂಬದ್ನ ಬಿಡ್ತ್ನಿಲ್ಲೆ. ಆದ್ರೆ ಆ ಮಾಣಿ ಹತ್ರ ಇನ್ನು ಯಾರೂ ಎಂತೂ ಕೇಳದು ಬ್ಯಾಡ."

ಅವತ್ತಿಂದ ನೆಂಟರು ಶುರು ಮಾಡಿದ್ರೆ ಅಜ್ಜಿಯೇ ತಡೀತಾರೆ. ಪುಟ್ಟನಿಗೆ ಮಾತ್ರ ಈಗಲೂ ಅಪ್ಪೆಹುಳಿ ಒಂದು ಸೌಟು ಜಾಸ್ತಿ ಬೀಳುತ್ತೆ, ಅಜ್ಜನಿಗೆ ಇಷ್ಟ ಅಂತ. ಪುಟ್ಟನಿಗೂ ಇಷ್ಟ. ಅದಕ್ಕೆ ಪುರಾವೆ ಬೇಕಿಲ್ಲ.

ಕ್ಲಾಸ್‌ಮೇಟ್ಸ್‌ಗೆ: ಎರಡೂವರೆ ವರ್ಷ ನಿಮಗೆ ಹೇಳಿದ ಅಡಕತ್ತರಿ ಕಥೆ ನಾನು ನೋಡಿದ್ದಲ್ಲ, ನೋಡಿದೆ ಅಂತ ನಂಬಿದ್ದು. ನೀವು ಅದನ್ನ ಬೇರೆಯವರಿಗೆ ಹೇಳಿದ್ರೆ ಇದನ್ನೂ ಹೇಳಿಬಿಡಿ.

ನಿಮ್ಮನೆಯಲ್ಲಿ ಯಾವುದಾದ್ರೂ ಮಗು ಇಂಥ ಮಾತಾಡಿದ್ರೆ, ನಗಬೇಡಿ, ಚಪ್ಪಾಳೆನೂ ತಟ್ಟಬೇಡಿ, ಪ್ರಶ್ನೆಯಲ್ಲೇ ಉತ್ತರ ಇಟ್ಟು ಕೇಳಬೇಡಿ. ಅವತ್ತಿನ ತಾರೀಖು ಹಾಕಿ, ಅದು ಹೇಳಿದ್ದನ್ನ ಹೇಳಿದ ಹಾಗೇ ಒಂದು ಹಾಳೆಯಲ್ಲಿ ಬರೆದಿಡಿ, ತಪ್ಪಿದ್ರೂ ಸೇರಿಸಿ. ಆಮೇಲೆ ಮಗುವನ್ನ ಆಡೋಕೆ ಬಿಡಿ.

#ಭೈರುಂಬೆ #ಶಿರಸಿ #ಪುನರ್ಜನ್ಮ #ಮೊದಲುಬರೆದಿಡಿ #ಜಗಲಿಮಾತು